ಅಮೆರಿಕದ ಮರ, ಇಂಗ್ಲೆಂಡಿನ ಕರೆಂಟು: ಇದು ನಿಜವಾಗಿಯೂ ಕಡಿಮೆ ಇಂಗಾಲದ್ದಾ?

ಲೀಡ್ಸ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಲ್ಲಿ ವಿದ್ಯುತ್ ಇಲಾಖೆಯಲ್ಲಿ ಇದ್ದವರು, ಕಾಡಿನ ಬಗ್ಗೆ ಓದಿದವರು ಹಲವರಿದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಾನಿರುವ ಊರಿಗೆ ಹತ್ತಿರ, ಸೆಲ್ಬಿ ಪಕ್ಕದಲ್ಲಿ, ಡ್ರ್ಯಾಕ್ಸ್ ಅನ್ನುವ ಭಾರಿ ವಿದ್ಯುತ್ ಸ್ಥಾವರ ಇದೆ. 1970ರ ದಶಕದಲ್ಲಿ ಕಲ್ಲಿದ್ದಲು ಸುಡುವುದಕ್ಕೆ ಅಂತ ಶುರುವಾದದ್ದು. ಒಟ್ಟು ಆರು ಘಟಕ, ಒಂದೊಂದೂ ಸುಮಾರು 660 ಮೆಗಾವ್ಯಾಟ್. 2013ರಿಂದ 2018ರ ಒಳಗೆ ನಾಲ್ಕು ಘಟಕಗಳನ್ನು ಮರದ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಸಣ್ಣ ತುಂಡು) ಸುಡುವಂತೆ ಬದಲಾಯಿಸಿದರು. ಉಳಿದೆರಡು ಈಗ ಮುಚ್ಚಿವೆ. ವರ್ಷಕ್ಕೆ 60-70 ಲಕ್ಷ ಟನ್ ಪೆಲೆಟ್ ಇಲ್ಲಿ ಉರಿಯುತ್ತದೆ. ಅದರಲ್ಲಿ ಬಹುಪಾಲು ಬರುವುದು ಅಮೆರಿಕದ ಲೂಯಿಸಿಯಾನ, ಮಿಸಿಸಿಪ್ಪಿ ಕಡೆಯಿಂದ. ಕೆನಡಾದಿಂದಲೂ ಬರುತ್ತದೆ. ಹಡಗಿನಲ್ಲಿ ಇಮಿಂಗ್‌ಹ್ಯಾಮ್, ಲಿವರ್‌ಪೂಲ್ ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ.

ನನಗೆ ಬರುವ ಕರೆಂಟ್ ಕಂಪನಿಯ ವಾರ್ಷಿಕ ಪಟ್ಟಿಯಲ್ಲಿ ಇದಕ್ಕೆ ಬೇರೆ ಸಾಲೇ ಇಲ್ಲ. ಗಾಳಿ, ಬಿಸಿಲಿನ ಜೊತೆ 'ನವೀಕರಿಸಬಹುದಾದದ್ದು' ಅನ್ನುವ ಒಂದೇ ಸಾಲಿನಲ್ಲಿ ಸೇರಿಹೋಗಿದೆ. ಮರ ಕಡಿದು, ಒಣಗಿಸಿ, ಅಟ್ಲಾಂಟಿಕ್ ದಾಟಿಸಿ, ಸುಟ್ಟು, ಅದನ್ನು ಗಾಳಿಯಂತ್ರದ ಪಕ್ಕ ಕೂರಿಸುವುದು ಯಾವ ಲೆಕ್ಕ? ಯಾರಾದರೂ ಬಿಡಿಸಿ ಹೇಳಿ.

ಬಾಯ್ಲರ್_ಭಟ್ಟ

ನಾನು ಕಲ್ಲಿದ್ದಲು ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಯಂತ್ರದ ಕಡೆಯಿಂದ ಹೇಳುತ್ತೇನೆ. ಕಾಡಿನ ಕಡೆ ಬೇರೆಯವರು ಹೇಳಲಿ.

ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ಬರೀ ನೀರು. ಅದನ್ನು ಹಾಗೇ ಸಾಗಿಸಿದರೆ ನೀರಿಗೆ ಬಾಡಿಗೆ ಕೊಟ್ಟ ಹಾಗೆ. ಅದಕ್ಕೇ ಕಡಿದ ಜಾಗದ ಹತ್ತಿರವೇ ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಡೈ (ತೂತಿನ ಅಚ್ಚು) ಮೂಲಕ ಒತ್ತಿ 6-8 ಮಿಲಿಮೀಟರ್ ದಪ್ಪದ ತುಂಡುಗಳನ್ನಾಗಿ ಮಾಡುತ್ತಾರೆ. ನೋಡಲು ಹಸುವಿಗೆ ಹಾಕುವ ಫೀಡ್ ತರಹವೇ. ತೇವ ಶೇ. 10ಕ್ಕಿಂತ ಕಡಿಮೆ. ಅಂಟು ಬೇರೆ ಹಾಕಬೇಕಿಲ್ಲ. ಬಿಸಿಗೆ ಮರದ ನಾರನ್ನು ಬೆಸೆದಿರುವ ಲಿಗ್ನಿನ್ನೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ.

ಒಂದು ಕಿಲೋ ಪೆಲೆಟ್‌ನಲ್ಲಿ ಸುಮಾರು 17 ಮೆಗಾಜೂಲ್ ಶಾಖ. ಒಳ್ಳೆಯ ಆಮದು ಕಲ್ಲಿದ್ದಲಿನಲ್ಲಿ 24-25. ಸ್ಥಾವರದ ದಕ್ಷತೆ ಶೇ. 38 ಅಂತ ಹಿಡಿದರೆ ಒಂದು ಟನ್ ಪೆಲೆಟ್‌ಗೆ 1,800 ಯೂನಿಟ್ ಕರೆಂಟ್. ಅದೇ ಒಂದು ಟನ್ ಸುಟ್ಟರೆ ಚಿಮಣಿಯಿಂದ ಹೋಗುವ ಇಂಗಾಲದ ಡೈಆಕ್ಸೈಡ್ ಹತ್ತಿರಹತ್ತಿರ 1.7 ಟನ್. ಅಂದರೆ ಯೂನಿಟ್‌ಗೆ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಅಷ್ಟೇ ಶಾಖಕ್ಕೆ ಹೋಲಿಸಿದರೆ ಕಲ್ಲಿದ್ದಲಿಗಿಂತ ಇದೇ ಜಾಸ್ತಿ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ ಪಟ್ಟಿಯಲ್ಲೂ ಒಂದು ಗಿಗಾಜೂಲ್ ಶಾಖಕ್ಕೆ ಮರದ್ದು 112 ಕಿಲೋ, ಕಲ್ಲಿದ್ದಲಿನದ್ದು 95 ಕಿಲೋದಷ್ಟು ಇದೆ.

ಆದರೆ ಒಂದು ಮಾತು. ಗಾಳಿ ಬೀಸದ ಚಳಿಗಾಲದ ಸಂಜೆ ಬೇಕೆಂದಾಗ 2,600 ಮೆಗಾವ್ಯಾಟ್ ಕೊಡುವ ಯಂತ್ರ ಸುಮ್ನೆ ಸಿಗುವುದಿಲ್ಲ. ಗ್ರಿಡ್ ನಡೆಸುವವರಿಗೆ ಅದರ ಬೆಲೆ ಗೊತ್ತು. ಹಳೆ ಟರ್ಬೈನ್, ಹಳೆ ಲೈನ್ ಎಲ್ಲ ಹಾಗೇ ಇಟ್ಟುಕೊಂಡು ಕಲ್ಲಿದ್ದಲು ಬಿಟ್ಟರು. ಅದನ್ನು ಕಡೆಗಣಿಸಬೇಡಿ.

ಲೀಡ್ಸ್_ಕನ್ನಡಿಗ

ಥ್ಯಾಂಕ್ಸ್ ಸರ್. ಹಾಗಾದರೆ ಚಿಮಣಿಯಲ್ಲಿ ಕಲ್ಲಿದ್ದಲಿಗಿಂತ ಜಾಸ್ತಿ. ಮತ್ತೆ ದೇಶದ ಹೊಗೆ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಸೊನ್ನೆ ಬರೆಯುತ್ತಾರಂತಲ್ಲ, ಅದು ಹೇಗೆ?

ಜಮಾಖರ್ಚು

ಇದಕ್ಕೆ ನಾನು ಉತ್ತರಿಸುತ್ತೇನೆ. ಕೆಲಸವೇ ಇಂಥ ಲೆಕ್ಕ ನೋಡುವುದು.

ದೇಶಗಳು ವಿಶ್ವಸಂಸ್ಥೆಗೆ ಹೊಗೆಯ ಲೆಕ್ಕ ಒಪ್ಪಿಸುವಾಗ ಎರಡು ಬೇರೆ ಖಾತೆ ಇರುತ್ತದೆ. ಒಂದು ಇಂಧನದ್ದು, ಇನ್ನೊಂದು ಭೂಮಿ ಮತ್ತು ಕಾಡಿನದ್ದು. ಮರ ಕಡಿದ ದಿನವೇ ಅದರ ಇಂಗಾಲ ಹೋಯಿತು ಅಂತ ಕಾಡಿನ ಖಾತೆಯಲ್ಲಿ ಬರೆಯುತ್ತಾರೆ. ಅದನ್ನೇ ಸುಟ್ಟಾಗ ಮತ್ತೆ ಇಂಧನದ ಖಾತೆಯಲ್ಲಿ ಬರೆದರೆ ಒಂದೇ ಇಂಗಾಲ ಎರಡು ಸಲ ಬಂತು. ಅದಕ್ಕೆ ಇಂಧನದ ಕಡೆ ಸೊನ್ನೆ. ಇಷ್ಟರವರೆಗೆ ತಪ್ಪೇನಿಲ್ಲ. ಇದು ಎರಡು ಸಲ ಎಣಿಸಬಾರದು ಅನ್ನುವ ನಿಯಮ. ಮರದಿಂದ ಹೊಗೆಯೇ ಬರುವುದಿಲ್ಲ ಅಂತ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ.

ಗಡಿ ದಾಟಿದಾಗ ಗೋಜಲು ಶುರುವಾಗುತ್ತದೆ. ಸುಡುವುದು ಬ್ರಿಟನ್, ಕಡಿಯುವುದು ಅಮೆರಿಕ. ಬ್ರಿಟನ್ನಿನ ಪುಸ್ತಕದಲ್ಲಿ ಸೊನ್ನೆ. ಅಮೆರಿಕದ ಪುಸ್ತಕದಲ್ಲಿ ಇಡೀ ದೇಶದ ಕಾಡಿನ ಲೆಕ್ಕ ಒಟ್ಟಿಗೇ ಇರುತ್ತದೆ. ಅಲ್ಲಿನ ಕಾಡು ಒಟ್ಟಾರೆ ಇಂಗಾಲ ಹೀರಿಕೊಳ್ಳುತ್ತಿದೆ. ಹಾಗಾಗಿ ಒಂದು ಜಿಲ್ಲೆಯಲ್ಲಿ ಕಡಿದದ್ದು ಆ ದೊಡ್ಡ ಮೊತ್ತದೊಳಗೆ ಕಾಣದಂತೆ ಮುಳುಗುತ್ತದೆ. ಸುಟ್ಟವನ ಬಿಲ್ಲಿಗೂ ಕಡಿದವನ ಬಿಲ್ಲಿಗೂ ಅದು ಬಂದು ಬೀಳುವುದಿಲ್ಲ.

2009ರಲ್ಲೇ ಸಂಶೋಧಕ ಟಿಮೊಥಿ ಸರ್ಚಿಂಜರ್ ಮತ್ತು ಅವರ ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಎತ್ತಿ ತೋರಿಸಿದ್ದರು. ಲೆಕ್ಕ ಒಪ್ಪಿಸಲು ಮಾಡಿದ ನಿಯಮವನ್ನು ಸರ್ಕಾರಗಳು ಸಬ್ಸಿಡಿ ಕೊಡುವ ನಿಯಮವಾಗಿ ಎತ್ತಿಕೊಂಡವು ಅನ್ನುವುದು ಅವರ ತಕರಾರು. ಅದೇ ವರ್ಷ ಯುರೋಪಿನ ಒಕ್ಕೂಟ ನವೀಕರಿಸಬಹುದಾದ ಇಂಧನದ ಗುರಿ ಹಾಕಿಕೊಂಡಿತು. ಗುರಿ ಮುಟ್ಟಲು ಮರ ಸುಲಭದ ದಾರಿ ಆಯಿತು.

ದುಡ್ಡಿನ ಗಾತ್ರ ಬೇಕಾದರೆ: ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2024ರ ಜನವರಿಯಲ್ಲಿ ಕೊಟ್ಟ ವರದಿಯಂತೆ 2002ರಿಂದ 2023ರವರೆಗೆ ಬಯೋಮಾಸ್‌ಗೆ (ಮರ, ಹೊಲದ ಕಸದಂಥ ಇಂಧನಕ್ಕೆ) ಕೊಟ್ಟ ಸರ್ಕಾರಿ ನೆರವು ಸುಮಾರು 2,200 ಕೋಟಿ ಪೌಂಡ್. ಇದಕ್ಕಿಟ್ಟಿರುವ ಕಾಡಿನ ನಿಯಮಗಳು ಪಾಲನೆಯಾಗುತ್ತಿವೆ ಅಂತ ಖಾತ್ರಿ ಕೊಡಲು ಈಗಿನ ವ್ಯವಸ್ಥೆ ಸಾಕು ಎಂದು ಸರ್ಕಾರ ತೋರಿಸಿಕೊಡಲು ಆಗಿಲ್ಲ ಅಂತಲೂ ಅದೇ ವರದಿ ಹೇಳಿತು.

ಹಾವೇರಿ_ಹೈದ

ಅಂದರೆ ಕಳ್ಳ ಲೆಕ್ಕ ಅನ್ನಿ. ಇಷ್ಟುದ್ದ ಯಾಕೆ?

ಕಾಡುಹಾದಿ

ಅಷ್ಟು ಬೇಗ ತೀರ್ಪು ಬೇಡ. ನಾನು ನಾರ್ತ್ ಕ್ಯಾರೊಲೈನಾದಲ್ಲಿ ಅರಣ್ಯ ನಿರ್ವಹಣೆ ಓದಿದವಳು. ಇಲ್ಲಿಯ ಕಾಡು ಅಂದರೆ ನಮ್ಮ ಮಲೆನಾಡಿನ ಮೀಸಲು ಅರಣ್ಯ ಅಂದುಕೊಳ್ಳಬೇಡಿ. ದಕ್ಷಿಣದ ರಾಜ್ಯಗಳಲ್ಲಿ ಕಾಡಿನ ಬಹುಪಾಲು ಖಾಸಗಿ ಜನರ ಆಸ್ತಿ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಮಾರುವ ಲೆಕ್ಕ.

ಇಲ್ಲಿ ಹೆಚ್ಚಾಗಿ ಬೆಳೆಯುವುದು ಲಾಬ್ಲಾಲಿ ಪೈನ್. ಒತ್ತೊತ್ತಾಗಿ ನೆಡುತ್ತಾರೆ. ಹನ್ನೆರಡು-ಹದಿನೈದು ವರ್ಷಕ್ಕೆ ಸಣ್ಣ, ಸೊಟ್ಟ ಮರ ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡುತ್ತಾರೆ. 25-30 ವರ್ಷಕ್ಕೆ ಪೂರ್ತಿ ಕಟಾವು. ದಪ್ಪ ದಿಮ್ಮಿ ಸಾ ಮಿಲ್‌ಗೆ ಹೋಗುತ್ತದೆ. ಜಮೀನಿನವರಿಗೆ ಒಳ್ಳೆಯ ದುಡ್ಡು ಬರುವುದು ಅದರಿಂದ. ಸಣ್ಣ ಮರಕ್ಕೆ ಕಡಿಮೆ ಬೆಲೆ. ಅದು ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು, ಈಗ ಪೆಲೆಟ್‌ಗೂ ಹೋಗುತ್ತದೆ. ಪೆಲೆಟ್‌ಗೋಸ್ಕರವೇ ಯಾರೂ ಪೈನ್ ನೆಡುವುದಿಲ್ಲ, ಗಿಟ್ಟುವುದಿಲ್ಲ.

ಹಾಗಾಗಿ 'ಪೆಲೆಟ್ ಒಳ್ಳೆಯದಾ ಕೆಟ್ಟದ್ದಾ' ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೊಂದು ಲಾರಿಗೂ ಒಂದೇ ಪ್ರಶ್ನೆ: ಪೆಲೆಟ್ ಕಾರ್ಖಾನೆ ಇಲ್ಲದಿದ್ದರೆ ಈ ಮರ ಏನಾಗುತ್ತಿತ್ತು?

ಸಾ ಮಿಲ್‌ನ ಹೊಟ್ಟು ಆಗಿದ್ದರೆ ಅದನ್ನು ಅಲ್ಲೇ ಸುಡುತ್ತಿದ್ದರು, ಇಲ್ಲ ರಾಶಿ ಹಾಕಿ ಕೊಳೆಯಲು ಬಿಡುತ್ತಿದ್ದರು. ಹೇಗೂ ಅದರ ಇಂಗಾಲ ಕೆಲವೇ ವರ್ಷದಲ್ಲಿ ಗಾಳಿಗೆ ಸೇರುತ್ತಿತ್ತು. ಅದರಿಂದ ಕರೆಂಟ್ ಮಾಡಿದರೆ ಲಾಭವೇ. ಆದರೆ ತೊರೆ ಪಕ್ಕದ ಜೌಗಿನಲ್ಲಿ ನಿಂತ ಎಂಬತ್ತು ವರ್ಷದ ಓಕ್, ಟ್ಯುಪೆಲೊ ಮರ ಆಗಿದ್ದರೆ? ಅದು ಹಾಗೇ ನಿಂತು ಇನ್ನೂ ಇಂಗಾಲ ಹೀರುತ್ತಿತ್ತು. ಅದನ್ನು ಸುಟ್ಟರೆ ಇಂಗಾಲದ ಸಾಲ ತೀರಲು, ಅಂದರೆ ಗಾಳಿಗೆ ಹೋದದ್ದನ್ನು ಹೊಸ ಮರ ಮತ್ತೆ ಹೀರಿಕೊಳ್ಳಲು, ತಲೆಮಾರುಗಳು ಬೇಕು. ಎಂಐಟಿಯ ಜಾನ್ ಸ್ಟರ್ಮನ್ ತಂಡ 2018ರಲ್ಲಿ ಅಮೆರಿಕದ ಪೂರ್ವ ಭಾಗದ ಕಾಡುಗಳಿಗೆ ಮಾಡಿದ ಲೆಕ್ಕದಲ್ಲಿ, ಕಲ್ಲಿದ್ದಲಿನ ಬದಲು ಮರ ಸುಟ್ಟರೆ ಆ ಸಾಲ ತೀರಲು 44ರಿಂದ 104 ವರ್ಷ ಬಂತು. ಅದೂ ಕಡಿದ ಜಾಗದಲ್ಲಿ ಮತ್ತೆ ಕಾಡೇ ಬೆಳೆದರೆ ಮಾತ್ರ.

ಕಂಪನಿಯವರ ವಾದ ಬೇರೆ. 'ಇಡೀ ಪ್ರದೇಶ ನೋಡಿ, ವರ್ಷಕ್ಕೆ ಕಡಿಯುವುದಕ್ಕಿಂತ ಬೆಳೆಯುವುದು ಜಾಸ್ತಿ' ಅನ್ನುತ್ತಾರೆ. ಅಂಕಿ ಸರಿಯೇ. ಆದರೆ ನೀವು ಕಡಿಯದಿದ್ದರೂ ಅದು ಬೆಳೆಯುತ್ತಿತ್ತಲ್ಲ? ಪಕ್ಕದ ತೋಟದವನ ಬೆಳವಣಿಗೆಯನ್ನು ನಿಮ್ಮ ಖಾತೆಗೆ ಜಮಾ ಮಾಡಿಕೊಳ್ಳುವುದು ಹೇಗೆ?

ಬಾಯ್ಲರ್_ಭಟ್ಟ

ಕಾಡುಹಾದಿ ಅವರೇ, ಪಾಯಿಂಟ್ ಚೆನ್ನಾಗಿದೆ. ಆದರೆ ಗಿರಾಕಿ ಇದ್ದರೆ ತಾನೇ ಆ ಜಮೀನಿನವನು ಮತ್ತೆ ಪೈನ್ ನೆಡುವುದು? ಇಲ್ಲದಿದ್ದರೆ ಮಾರಿ ಲೇಔಟ್ ಮಾಡುತ್ತಾನೆ. ಬೆಂಗಳೂರು ಸುತ್ತ ನೋಡಿಲ್ಲವೇ ನಾವು?

ಕಾಡುಹಾದಿ

ಆ ಮಾತಿನಲ್ಲಿ ಸತ್ವ ಇದೆ ಸರ್. ಕಾಗದದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ. ನಮ್ಮ ರಾಜ್ಯದ ಕ್ಯಾಂಟನ್ ಊರಿನದ್ದು 2023ರಲ್ಲಿ ನಿಂತಿತು. ಸಣ್ಣ ಮರಕ್ಕೆ ಗಿರಾಕಿ ಇಲ್ಲದಿದ್ದರೆ ತೋಪು ತೆಳು ಮಾಡುವುದಕ್ಕೆ ಕೈಯಿಂದ ದುಡ್ಡು ಹಾಕಬೇಕು. ಆದರೆ ಜಮೀನು ಲೇಔಟ್ ಆಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಹೆಚ್ಚಾಗಿ ದಿಮ್ಮಿಯ ಬೆಲೆ ಮತ್ತು ಸೈಟಿನ ಬೆಲೆ. ಪೆಲೆಟ್‌ನವರು ಕೊಡುವ ಚಿಲ್ಲರೆ ಅಲ್ಲ.

ಹಾವೇರಿ_ಹೈದ

ನಮ್ಮ ಕಡೆ ಇದರ ಒಂದು ಪಾಠ ಆಗಿದೆ. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. 1984ರಲ್ಲಿ ಸರ್ಕಾರ, ಮರದ ತಿರುಳು ಮಾಡುವ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿತು. ಸುಮಾರು 30,000 ಹೆಕ್ಟೇರ್ ಊರ ಭೂಮಿಯಲ್ಲಿ ನೀಲಗಿರಿ ನೆಡುವ ಯೋಜನೆ. ದನ ಮೇಯುತ್ತಿದ್ದ, ಹೆಂಗಸರು ಸೌದೆ ತರುತ್ತಿದ್ದ ಜಾಗ ಅದು. ಕಾಗದದ ಮೇಲೆ 'ಅರಣ್ಯೀಕರಣ'. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ಇದ್ದರು. 1991ಕ್ಕೆ ಕಂಪನಿಯೇ ಮುಚ್ಚಿತು.

ಹಸಿರು ಬಣ್ಣ ಬಳಿದ ತಕ್ಷಣ ನಂಬಬೇಡಿ ಅಂತ ಅದಕ್ಕೇ ಹೇಳಿದೆ. ಕಾರ್ಖಾನೆ ಪಕ್ಕದಲ್ಲಿ ಇರುವವರನ್ನು ಕೇಳಿದಿರಾ ಯಾರಾದರೂ?

ಕಾಡುಹಾದಿ

ಕೇಳಬೇಕಾದ ಪ್ರಶ್ನೆ. ಇಲ್ಲಿ ಊರ ಗೋಮಾಳದ ಜಗಳ ಇಲ್ಲ, ಜಮೀನು ಖಾಸಗಿ. ಜಗಳ ಇರುವುದು ದೂಳು, ಗದ್ದಲ, ಹೊಗೆಯ ಬಗ್ಗೆ. ಮಿಸಿಸಿಪ್ಪಿಯ ಗ್ಲೋಸ್ಟರ್ ಊರಲ್ಲಿ ಡ್ರ್ಯಾಕ್ಸ್‌ನದ್ದೇ ಒಂದು ಪೆಲೆಟ್ ಕಾರ್ಖಾನೆ ಇದೆ. ಸಣ್ಣ ಊರು, ಹೆಚ್ಚಿನವರು ಕಪ್ಪು ಜನ, ಬಡವರು. ಮರ ಒಣಗಿಸುವಾಗ ಅದರೊಳಗಿನ ರಾಳದಂಥ ಅಂಶ ಆವಿಯಾಗಿ ಹೊರಬರುತ್ತದೆ. ಅದು ಪರವಾನಗಿಯ ಮಿತಿ ಮೀರಿತ್ತು ಅಂತ ರಾಜ್ಯದ ಪರಿಸರ ಇಲಾಖೆ 2020ರಲ್ಲಿ 25 ಲಕ್ಷ ಡಾಲರ್ ದಂಡ ಹಾಕಿತು. ಲೀಡ್ಸ್‌ನವರ ಬಿಲ್ಲಿನಲ್ಲಿ ಈ ಊರಿನ ಹೆಸರು ಬರುವುದಿಲ್ಲ.

ಬಂದರು_ಬದಿ

ಮಂಗಳೂರಿನವನು, ಹಡಗಿನಲ್ಲಿ ಕೆಲಸ. ಎಲ್ಲರೂ ಕಾಡು, ಚಿಮಣಿ ಅಂತಿದ್ದೀರಿ. ನಡುವೆ ಸಮುದ್ರ ಇದೆ ಮಾರಾಯ್ರೆ.

ಮೊದಲು ಒಂದು ಲೆಕ್ಕ. 60,000 ಟನ್ ಹಾಕುವ ಹಡಗು ಲೂಯಿಸಿಯಾನದ ಬ್ಯಾಟನ್ ರೂಜ್‌ನಿಂದ ಇಂಗ್ಲೆಂಡಿಗೆ ಹದಿನೇಳು-ಹದಿನೆಂಟು ದಿನ. ದಿನಕ್ಕೆ 30 ಟನ್ ಎಣ್ಣೆ ಅಂದುಕೊಳ್ಳಿ. ಒಟ್ಟು 540 ಟನ್. ಅದರಿಂದ ಬರುವ ಡೈಆಕ್ಸೈಡ್ ಸುಮಾರು 1,700 ಟನ್. ವಾಪಸ್ ಖಾಲಿ ಹೋಗುವುದನ್ನೂ ಸೇರಿಸಿದರೆ 3,400. ಭಟ್ಟರ ಅಂಕಿಗೆ ಭಾಗಿಸಿ ನೋಡಿದೆ. ಸಾವಿರ ಯೂನಿಟ್‌ಗೆ ಹಡಗಿನ ಪಾಲು 30 ಕಿಲೋ ಆಸುಪಾಸು. ಚಿಮಣಿಯದ್ದು 900ಕ್ಕಿಂತ ಮೇಲೆ. 'ಅಯ್ಯೋ ಅಷ್ಟು ದೂರದಿಂದ ಹಡಗಿನಲ್ಲಿ ತರ್ತಾರೆ' ಅಂತ ಬೊಬ್ಬೆ ಹೊಡೆಯುವುದು ತಪ್ಪು ಜಾಗದಲ್ಲಿ ಹೊಡೆದ ಬೊಬ್ಬೆ. ಮರ ಒಣಗಿಸುವುದಕ್ಕೇ ಇದಕ್ಕಿಂತ ಜಾಸ್ತಿ ಶಾಖ ಬೇಕು.

ಇನ್ನೊಂದು. ಪೆಲೆಟ್ ತುಂಬಿದ ಹೋಲ್ಡ್ (ಹಡಗಿನ ಸರಕು ಕೋಣೆ) ಅಂದರೆ ನಮಗೆ ಭಯ. ಮುಚ್ಚಿದ ಜಾಗದಲ್ಲಿ ಅದು ಆಮ್ಲಜನಕ ತಿಂದು ಕಾರ್ಬನ್ ಮೋನಾಕ್ಸೈಡ್ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. 2006ರಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಬಂದರಿನಲ್ಲಿ 'ಸಾಗಾ ಸ್ಪ್ರೇ' ಹಡಗಿನಲ್ಲಿ ಹೋಲ್ಡ್ ಪಕ್ಕದ ಮೆಟ್ಟಿಲಿಗೆ ಇಳಿದ ಒಬ್ಬ ನಾವಿಕ ಸತ್ತುಹೋದ. ಸರಕು ಕೆನಡಾದ ಪೆಲೆಟ್. ಈಗ ಗ್ಯಾಸ್ ಮೀಟರ್ ಹಿಡಿಯದೆ ಯಾರೂ ಇಳಿಯುವುದಿಲ್ಲ. ನೀರು ಬಿದ್ದರೂ ಕಷ್ಟ. ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ಮಳೆ ಬಂದರೆ ಹೋಲ್ಡಿನ ಬಾಗಿಲು ಮುಚ್ಚಿ ಲೋಡಿಂಗ್ ನಿಲ್ಲಿಸಬೇಕು.

ಬಾಯ್ಲರ್_ಭಟ್ಟ

ಸ್ಥಾವರದಲ್ಲೂ ಇದೇ ಪಾಡು. ಕಲ್ಲಿದ್ದಲನ್ನು ಬಯಲಲ್ಲಿ ರಾಶಿ ಹಾಕಬಹುದು. ಪೆಲೆಟ್‌ಗೆ ಮುಚ್ಚಿದ ಗುಮ್ಮಟ ಬೇಕು. ಡ್ರ್ಯಾಕ್ಸ್‌ನಲ್ಲಿ ಅಂಥವು ನಾಲ್ಕಿವೆ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಬೇರೆ. 2012ರ ಫೆಬ್ರವರಿಯಲ್ಲಿ ಲಂಡನ್ ಹತ್ತಿರದ ಟಿಲ್‌ಬರಿ ಸ್ಥಾವರದಲ್ಲಿ ಪೆಲೆಟ್ ದಾಸ್ತಾನಿಗೇ ಬೆಂಕಿ ಬಿದ್ದಿತ್ತು.

ಒಸಾಕಾ_ಓದುಗ

ಜಪಾನಿನ ಕಡೆಯಿಂದ ಎರಡು ಮಾತು. ಫುಕುಶಿಮಾ ಆದಮೇಲೆ 2012ರಲ್ಲಿ ಇಲ್ಲಿ ನಿಗದಿ ದರದಲ್ಲಿ ಕರೆಂಟ್ ಕೊಳ್ಳುವ ಯೋಜನೆ ಬಂತು. ಬಯೋಮಾಸ್‌ಗೆ ಒಳ್ಳೆಯ ದರ. ಈಗ ವಿಯೆಟ್ನಾಂ, ಕೆನಡಾ, ಅಮೆರಿಕದ ಪೆಲೆಟ್ ಇಲ್ಲಿಗೆ ಬರುತ್ತದೆ. ಇಂಡೋನೇಷ್ಯಾ, ಮಲೇಷ್ಯಾದಿಂದ ತಾಳೆ ಬೀಜದ ಚಿಪ್ಪೂ ಬರುತ್ತದೆ. ಕಾಗದ ಪತ್ರ ಸರಿ ಇದ್ದರೆ ಸಾಕು ಅನ್ನುವವರಿಗೆ ಒಂದು ವಿಷಯ: 2022ರಲ್ಲಿ ಎಫ್‌ಎಸ್‌ಸಿ ಅನ್ನುವ ಅರಣ್ಯ ಪ್ರಮಾಣಪತ್ರ ಸಂಸ್ಥೆ ವಿಯೆಟ್ನಾಂನ ದೊಡ್ಡ ರಫ್ತುದಾರ ಆನ್ ವಿಯೆಟ್ ಫಾಟ್ ಕಂಪನಿಯನ್ನು ಹೊರಗೆ ಹಾಕಿತು. ಪ್ರಮಾಣಪತ್ರ ಇಲ್ಲದ ಮರವನ್ನು ಇದೆ ಅಂತ ಮಾರಿದ್ದರು.

ಜಮಾಖರ್ಚು

ಬ್ರಿಟನ್ನಿನಲ್ಲೂ ಕಾಗದದ ಕಥೆ ಆಗಿದೆ. 2022ರ ಅಕ್ಟೋಬರ್‌ನಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಹಳೆಯ ಕಾಡುಗಳ ಮರ ಡ್ರ್ಯಾಕ್ಸ್ ಕಾರ್ಖಾನೆಗೆ ಹೋಗುತ್ತಿದೆ ಅಂತ ತೋರಿಸಿತು. ಮರುವರ್ಷ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ತನಿಖೆ ಶುರು ಮಾಡಿತು. 2024ರ ಆಗಸ್ಟ್‌ನಲ್ಲಿ ಡ್ರ್ಯಾಕ್ಸ್ 2.5 ಕೋಟಿ ಪೌಂಡ್ ಕಟ್ಟಲು ಒಪ್ಪಿತು. ಕಾರಣ, ಕೆನಡಾದ ಮರದ ಬಗ್ಗೆ ಕೊಟ್ಟ ಮಾಹಿತಿ ಸರಿ ಇರಲಿಲ್ಲ. ಸಬ್ಸಿಡಿಯನ್ನೇ ತಪ್ಪಾಗಿ ಪಡೆದದ್ದಕ್ಕೆ ಪುರಾವೆ ಸಿಗಲಿಲ್ಲ ಅಂತಲೂ ಆಫ್‌ಜೆಮ್ ಹೇಳಿತು. ಎರಡನ್ನೂ ಸೇರಿಸಿ ಓದಬೇಕು. ಒಂದನ್ನೇ ಹಿಡಿದು ವಾಟ್ಸಾಪಿನಲ್ಲಿ ಹಂಚಬೇಡಿ.

ಈ ವ್ಯಾಪಾರ ಸಬ್ಸಿಡಿ ಮೇಲೆ ನಿಂತಿದ್ದರೂ ಭದ್ರವೇನಲ್ಲ. ಪ್ರಪಂಚದಲ್ಲೇ ಅತಿ ದೊಡ್ಡ ಪೆಲೆಟ್ ತಯಾರಕರಾಗಿದ್ದ ಅಮೆರಿಕದ ಎನ್ವಿವಾ 2024ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತು. ವರ್ಷದ ಕೊನೆಗೆ ಸಾಲ ಕರಗಿಸಿಕೊಂಡು ಹೊರಬಂತು.

ಲೀಡ್ಸ್_ಕನ್ನಡಿಗ

ಇಲ್ಲಿ ಈಗ ನಿಯಮ ಬದಲಾಗುತ್ತಿದೆಯಂತೆ. 2027ರ ನಂತರ ಏನು?

ಜಮಾಖರ್ಚು

2025ರ ಫೆಬ್ರವರಿಯಲ್ಲಿ ಸರ್ಕಾರ ಮತ್ತು ಡ್ರ್ಯಾಕ್ಸ್ ಒಪ್ಪಂದ ಘೋಷಿಸಿದರು. 2027ರಿಂದ 2031ರವರೆಗೆ ನೆರವು ಮುಂದುವರಿಯುತ್ತದೆ, ಆದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈಗ ಸ್ಥಾವರ ಮೂರರಲ್ಲಿ ಎರಡು ಪಾಲು ಹೊತ್ತು ಓಡುತ್ತದೆ. ಮುಂದೆ ನೆರವು ಸಿಗುವುದು ಶೇ. 27ರಷ್ಟು ಓಡಿದ್ದಕ್ಕೆ ಮಾತ್ರ. ಅಂದರೆ ಭಟ್ಟರು ಹೇಳಿದ ಗಾಳಿ ಇಲ್ಲದ ಸಂಜೆಗೆ. ಮರದ ಶೇ. 70 ಭಾಗ ಕಾಡಿನ ನಿಯಮಕ್ಕೆ ಸರಿಹೊಂದಿದರೆ ಸಾಕಿತ್ತು, ಇನ್ನು ಮುಂದೆ ಶೇ. 100.

ನನ್ನ ಅಭಿಪ್ರಾಯ ಕೇಳಿದರೆ, ಇದು ಸರಿಯಾದ ದಿಕ್ಕು. ಆದರೆ ಸೊನ್ನೆ ಬರೆಯುವ ಪದ್ಧತಿ ಹಾಗೇ ಇದೆ. ಹಳೇ ಕಾಡಿನ ದಿಮ್ಮಿಗೂ ಸೊನ್ನೆ, ಗರಗಸದ ಹೊಟ್ಟಿಗೂ ಸೊನ್ನೆ. ಆಮೇಲೆ ನಿಯಮದ ಜರಡಿ ಹಿಡಿದು ಕೂರುತ್ತಾರೆ. ಕಾಡುಹಾದಿಯವರ ಪ್ರಶ್ನೆಗೆ ಉತ್ತರ ಕೊಟ್ಟವರಿಗೆ ಮಾತ್ರ ಸೊನ್ನೆ, ಉಳಿದವರಿಗೆ ಚಿಮಣಿಯ ಅಂಕಿ ಅಂತ ಮಾಡಿದ್ದರೆ ಈ ಅರ್ಧ ಜಗಳ ಇರುತ್ತಿರಲಿಲ್ಲ.

ಅಡಿಕೆ_ಸಿಪ್ಪೆ

ನಮ್ಮಲ್ಲೂ ಪೆಲೆಟ್ ಸುಡಬೇಕು ಅಂತ ಆದೇಶ ಇದೆಯಲ್ಲ? ಅದೂ ಇದೇ ತಕರಾರಿನದ್ದಾ?

ಬಾಯ್ಲರ್_ಭಟ್ಟ

ಅಲ್ಲ, ಇದು ಬೇರೆ. ಕೇಂದ್ರ ಇಂಧನ ಸಚಿವಾಲಯದ 2021ರ ನೀತಿ ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಬಯೋಮಾಸ್ ಬೆರೆಸಬೇಕು ಅಂತ ಹೇಳಿತ್ತು. ಮುಖ್ಯವಾಗಿ ಹೊಲದ ಕಸ: ಭತ್ತದ ಹುಲ್ಲು, ಸಿಪ್ಪೆ, ಹೊಟ್ಟು. ಕಾಡಿನ ದಿಮ್ಮಿ ಅಲ್ಲ. ಕಾಡುಹಾದಿಯವರ ಪ್ರಶ್ನೆ ಹಾಕಿದರೆ ಪಂಜಾಬಿನ ಹುಲ್ಲಿಗೆ ಉತ್ತರ ಸುಲಭ. ಹೊಲದಲ್ಲೇ ಬೆಂಕಿ ಇಟ್ಟು ದೆಹಲಿಗೆ ಹೊಗೆ ಕಳಿಸುತ್ತಿದ್ದರು.

ಯಂತ್ರಕ್ಕೆ ಮಾತ್ರ ಹುಲ್ಲು ಕಷ್ಟ. ಅದರಲ್ಲಿ ಪೊಟ್ಯಾಸಿಯಂ, ಕ್ಲೋರಿನ್ ಜಾಸ್ತಿ. ಬಾಯ್ಲರ್ ಟ್ಯೂಬಿನ ಮೇಲೆ ಕ್ಲಿಂಕರ್ (ಕರಗಿ ಗಟ್ಟಿಯಾದ ಬೂದಿ) ಕಟ್ಟುತ್ತದೆ. ಶೇ. 5 ಬೆರೆಸಿದರೆ ತಡೆಯುತ್ತದೆ. ಡ್ರ್ಯಾಕ್ಸ್ ತರಹ ಪೂರ್ತಿ ಅದನ್ನೇ ಸುಡುತ್ತೇನೆ ಅಂದರೆ ಬಾಯ್ಲರ್‌ನ್ನೇ ಬೇರೆ ರೀತಿ ಕಟ್ಟಬೇಕು. ಯುರೋಪಿನವರು ಹುಲ್ಲು ಬಿಟ್ಟು ಮರದ ಹಿಂದೆ ಹೋದದ್ದಕ್ಕೆ ಇದೂ ಒಂದು ಕಾರಣ.

ಲೀಡ್ಸ್_ಕನ್ನಡಿಗ

ಎಲ್ಲರಿಗೂ ಧನ್ಯವಾದ. ಕರೆಂಟ್ ಕಂಪನಿಗೆ ಇವತ್ತು ಮೇಲ್ ಹಾಕಿದೆ. ನಿಮ್ಮ 'ನವೀಕರಿಸಬಹುದಾದ' ಸಾಲಿನಲ್ಲಿ ಮರದ ಪಾಲೆಷ್ಟು, ಅದರಲ್ಲಿ ಹೊಟ್ಟೆಷ್ಟು, ಇಡೀ ಮರ ಎಷ್ಟು ಅಂತ ಕೇಳಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಹಾವೇರಿ_ಹೈದ

ಬರಲ್ಲ ಬಿಡಿ. ಬಂದರೆ ಹಾಕಿ. ಭಟ್ರೇ, ಒಂದು ಸಣ್ಣ ಡೌಟು. ಅಷ್ಟು ಮರ ಸುಟ್ಟ ಬೂದಿ ಎಲ್ಲಿ ಹೋಗ್ತದೆ? ನಮ್ಮ ಕಡೆ ಸ್ಥಾವರದ ಬೂದಿ ಹೊಂಡ ನೋಡಿದರೆ ಕೆರೆಯಷ್ಟಿರ್ತದೆ.

ಬಾಯ್ಲರ್_ಭಟ್ಟ

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೂದಿಯೇ. ಅದಕ್ಕೇ ಆ ಹೊಂಡ. ಒಳ್ಳೆಯ ಮರದ ಪೆಲೆಟ್‌ನಲ್ಲಿ ಶೇ. 1ರ ಆಸುಪಾಸು ಅಷ್ಟೇ. ನಾನಿದ್ದ ಕಡೆ ಬೂದಿ ಸಾಗಿಸುವುದಕ್ಕೇ ಒಂದು ವಿಭಾಗ ಇತ್ತು. ಡ್ರ್ಯಾಕ್ಸ್‌ನವರಿಗೆ ಆ ತಲೆನೋವು ಬಹಳ ಕಮ್ಮಿ.